ಸರಖೇಲ ಕಾನ್ಹೋಜಿ ಆಂಗ್ರೆ

ಹದಿನೆಂಟನೆಯ ಶತಮಾನದ ಆರಂಭದ ಮುಂಬಯಿಯ ಇಂಗ್ಲಿಷ್ ಕಾಗದಪತ್ರಗಳು ಕಾನ್ಹೋಜಿ ಆಂಗ್ರೆಯನ್ನು ಸಾಮಾನ್ಯವಾಗಿ ಕಡಲ್ಗಳ್ಳನೆಂದು ಕರೆಯುತ್ತವೆ. ಅದೇ ಕಾಲದ ಮರಾಠಿ ದಫ್ತರಗಳಲ್ಲಿ ಅವನು ಸರಖೇಲ, ಎಂದರೆ ನೌಕಾಪಡೆಯ ಅಧಿಪತಿ. ಕೊಂಕಣದ ಕಡಲಿನಲ್ಲಿ ಹಡಗು ಸಾಗಲು ರಹದಾರಿ ಕೊಡುವ ಹಕ್ಕು ಯಾರದೆಂಬ ಪ್ರಶ್ನೆಗೆ ಎರಡು ಕಡೆಯವರು ಕೊಟ್ಟ ಉತ್ತರಗಳೇ ಈ ಎರಡು ಹೆಸರುಗಳಾಗಿ ಉಳಿದಿವೆ. ಕಾನ್ಹೋಜಿಯ ಮೂವತ್ತು ವರ್ಷಗಳ ಅಧಿಕಾರಾವಧಿಯ ಬಹುಭಾಗ ಈ ಒಂದು ಪ್ರಶ್ನೆಯ ಸುತ್ತಲೇ ಕಳೆಯಿತು.

ಆಂಗ್ರೆ ಮನೆತನದ ಮೂಲ ಹೆಸರು ಸಂಕಪಾಳ. ಆಂಗರವಾಡಿ ಎಂಬ ಊರಿನಿಂದಾಗಿ ಆಂಗ್ರೆ ಎಂಬ ಅಡ್ಡಹೆಸರು ಬಂದಿತು. ಕಾನ್ಹೋಜಿ 1669ರ ಸುಮಾರಿಗೆ ಜನಿಸಿದನು. ತಂದೆ ತುಕೋಜಿ ಶಿವಾಜಿಯ ಸೇವೆಯಲ್ಲಿದ್ದವನು. ಬಾಲ್ಯದ ಬಗೆಗೆ ವಿಶ್ವಸನೀಯ ವಿವರಗಳು ವಿರಳ. ಜಂಜೀರದ ಸಿದ್ದಿಯು ಸುವರ್ಣದುರ್ಗವನ್ನು ಮುತ್ತಿದಾಗ, ಕೋಟೆಯನ್ನು ಒಪ್ಪಿಸಲು ಸಿದ್ಧನಾಗಿದ್ದ ಕಿಲ್ಲೇದಾರನನ್ನು ತರುಣ ಕಾನ್ಹೋಜಿ ಬಂಧಿಸಿ, ತಾನೇ ಕೋಟೆಯ ರಕ್ಷಣೆಗೆ ನಿಂತನೆಂಬ ಐತಿಹ್ಯ ಮಾತ್ರ ಪ್ರಸಿದ್ಧವಾಗಿದೆ. ಐತಿಹ್ಯದ ಬಣ್ಣವನ್ನು ಕಳೆದರೂ ಆ ಕಾಲದ ಸ್ಥಿತಿಯನ್ನು ಅದು ಸರಿಯಾಗಿಯೇ ಸೂಚಿಸುತ್ತದೆ. 1689ರಲ್ಲಿ ಸಂಭಾಜಿಯ ವಧೆಯಾಯಿತು. ರಾಯಗಡ ಮೊಗಲರ ವಶವಾಯಿತು. ರಾಜಾರಾಮನು ದೂರದ ಜಿಂಜಿಯನ್ನು ಸೇರಬೇಕಾಯಿತು. ಕೇಂದ್ರವೇ ಇಲ್ಲದ ರಾಜ್ಯದಲ್ಲಿ ಕರಾವಳಿಯ ಕೋಟೆಗಳನ್ನು ಉಳಿಸಿಕೊಳ್ಳುವ ಹೊಣೆ ಅಲ್ಲಲ್ಲಿಯ ಅಧಿಕಾರಿಗಳ ಮೇಲೆಯೇ ಬಿದ್ದಿತು. 1698ರಲ್ಲಿ ಸಿದ್ಧೋಜಿ ಗುಜರನು ತೀರಿಕೊಂಡ ಮೇಲೆ ನೌಕಾಪಡೆಯ ಆಧಿಪತ್ಯ ಕಾನ್ಹೋಜಿಗೆ ಬಂದಿತು.

ಅವನ ಪಾಲಿಗೆ ಬಂದ ಪಡೆ ದೊಡ್ಡದೇನಲ್ಲ. ಅದರ ಬಲವಿದ್ದುದು ಹಡಗುಗಳ ಗಾತ್ರಕ್ಕಿಂತ ಹೆಚ್ಚಾಗಿ ತೀರದ ತಿಳಿವಳಿಕೆಯಲ್ಲಿ. ಗುರಾಬುಗಳು ಎರಡು ಅಥವಾ ಮೂರು ಕೂವೆಮರಗಳ ಹಡಗುಗಳು. ತಳ ಆಳವಿಲ್ಲದ ಕಾರಣ ನದೀಮುಖಗಳ ಒಳಕ್ಕೂ ನುಗ್ಗಬಲ್ಲವು. ಮುಂದಕ್ಕೆ ಚಾಚಿದ ಮೂತಿಯ ಭಾಗದಿಂದ ನೇರ ಎದುರಿಗೆ ತೋಪು ಹಾರಿಸಬಲ್ಲವು. ಗಲಬತುಗಳು ಅವಕ್ಕಿಂತ ಚಿಕ್ಕವು. ನಲವತ್ತು ಐವತ್ತು ಹುಟ್ಟುಗಳಿಂದ ನಡೆಯುವಂಥವು. ಗಾಳಿ ಬಿದ್ದ ಹೊತ್ತಿನಲ್ಲಿ ಐರೋಪ್ಯರ ಭಾರಿ ಹಡಗು ಅಲುಗಾಡದೆ ನಿಂತರೆ, ಗಲಬತುಗಳು ಗುರಾಬುಗಳನ್ನು ಹಗ್ಗ ಕಟ್ಟಿ ಎಳೆದೊಯ್ದು ಅದರ ಹಿಂಬದಿಗೆ ನಿಲ್ಲಿಸುತ್ತಿದ್ದವು. ಹಡಗಿನ ತೋಪುಗಳೆಲ್ಲ ಪಕ್ಕಗಳಲ್ಲಿ ಇರುವುದರಿಂದ ಹಿಂದಿನ ದಾಳಿಗೆ ಉತ್ತರವೇ ಇರುತ್ತಿರಲಿಲ್ಲ. ಮೊದಲು ಹಾಯಿ ಮತ್ತು ಕೂವೆಗಳನ್ನು ಮುರಿಯುವುದು, ಅನಂತರ ಹಡಗನ್ನೇರಿ ಕೈಕೈ ಮಿಲಾಯಿಸುವುದು ಅವರ ಕ್ರಮವಾಗಿತ್ತು. ಇದು ಬಯಲು ಕಡಲಿನ ಯುದ್ಧಕ್ಕೆ ಒಗ್ಗುವ ವಿದ್ಯೆಯಲ್ಲ. ಆದರೆ ಕೊಲಾಬಾ, ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗಗಳ ನೆರಳಿನಲ್ಲಿ ಅದಕ್ಕೆ ಸಮನಾದುದು ಆಗ ಬೇರೊಂದಿರಲಿಲ್ಲ.

ಈ ಬಲದ ಆಧಾರದ ಮೇಲೆ ಕಾನ್ಹೋಜಿ ತನ್ನ ಕರಾವಳಿಯಲ್ಲಿ ಸಾಗುವ ಹಡಗುಗಳು ತನ್ನಿಂದ ದಸ್ತಕ ಪಡೆಯಬೇಕೆಂದು ವಿಧಿಸಿದನು. ಇದರಲ್ಲಿ ಹೊಸದೇನೂ ಇರಲಿಲ್ಲ. ಪೋರ್ಚುಗೀಸರು ಎರಡು ಶತಮಾನಗಳಿಂದ ಕಾರ್ತಾಜ್ ಎಂಬ ಪತ್ರದ ಹೆಸರಿನಲ್ಲಿ ಇದನ್ನೇ ಮಾಡುತ್ತಿದ್ದರು. ಕನ್ನಡ ಕರಾವಳಿಯ ವರ್ತಕರಿಗೂ ಆ ಪತ್ರದ ಪರಿಚಯ ಚೆನ್ನಾಗಿಯೇ ಇತ್ತು. ಇಂಗ್ಲಿಷರೂ ತಮ್ಮ ರಹದಾರಿಗಳನ್ನು ಹಂಚುತ್ತಿದ್ದರು. ಹೊರಗಿನವರು ಕೊಟ್ಟಾಗ ಕಾನೂನೆನಿಸಿದ ಪತ್ರ ನೆಲದ ಅಧಿಕಾರಿ ಕೊಟ್ಟಾಗ ಸುಲಿಗೆಯೆನಿಸಿತು.

1712ರ ನವೆಂಬರಿನಲ್ಲಿ ನಡೆದ ಒಂದು ಘಟನೆ ಈ ವಿವಾದವನ್ನು ಬಹಿರಂಗಕ್ಕೆ ತಂದಿತು. ಕಾರವಾರದ ಇಂಗ್ಲಿಷ್ ಕೋಠಿಗೆ ಹೊರಟಿದ್ದ ಥಾಮಸ್ ಚೌನ್ ಎಂಬ ಅಧಿಕಾರಿಯೂ ಅವನ ಪತ್ನಿಯೂ ಮುಂಬಯಿಯಿಂದ ಸಾಗುತ್ತಿದ್ದಾಗ ಆಂಗ್ರೆಯ ಹಡಗುಗಳು ಅವರನ್ನು ತಡೆದವು. ಜೊತೆಗಿದ್ದ ಗವರ್ನರ್ ಐಸ್ಲಾಬಿಯ ಸಶಸ್ತ್ರ ನೌಕೆಯೂ ಸೆರೆಯಾಯಿತು. ಕಾದಾಟದಲ್ಲಿ ಚೌನ್ ಸತ್ತನು. ಗರ್ಭಿಣಿಯಾಗಿದ್ದ ಅವನ ಪತ್ನಿ ಕೊಲಾಬಾದಲ್ಲಿ ಬಂದಿಯಾದಳು. ಮರುವರ್ಷ ಮೂವತ್ತು ಸಾವಿರ ರೂಪಾಯಿಗಳ ಹಣ ಸಂದಾಯವಾದ ಮೇಲೆ ಅವಳ ಬಿಡುಗಡೆಯಾಯಿತು. ನೌಕೆಯನ್ನು ಹಿಡಿದುದನ್ನು ಯುದ್ಧನೀತಿಯಿಂದ ಸಮರ್ಥಿಸಬಹುದು. ವಿಧವೆಯೊಬ್ಬಳನ್ನು ತಿಂಗಳುಗಟ್ಟಲೆ ಒತ್ತೆಯಿಟ್ಟು ಹಣ ಪಡೆದುದನ್ನು ಹಾಗೆ ಸಮರ್ಥಿಸುವುದು ಕಷ್ಟ. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರೆಂಬುದು ವಿವರಣೆಯಾದೀತೇ ಹೊರತು ಸಮಾಧಾನವಾಗದು.

ಆಗ ಉಂಟಾದ ಒಪ್ಪಂದದಲ್ಲಿ ಕಂಪನಿಯ ಹಡಗುಗಳನ್ನು ಮುಟ್ಟುವುದಿಲ್ಲವೆಂದು ಕಾನ್ಹೋಜಿ ಒಪ್ಪಿದನು. ಆದರೆ ಕಂಪನಿಯ ಹಡಗೆಂದರೆ ಯಾವುದು? ಕಂಪನಿಗೆ ಸೇರಿದುದು ಮಾತ್ರವೆಂದು ಅವನ ವಾದ. ಇಂಗ್ಲಿಷ್ ರಹದಾರಿ ಹೊತ್ತ, ದೇಶೀಯ ವರ್ತಕರ ಸರಕು ತುಂಬಿದ ಹಡಗುಗಳೂ ಅದರಲ್ಲಿ ಸೇರುತ್ತವೆಂದು ಮುಂಬಯಿಯ ವಾದ. ಮುಂದಿನ ಯುದ್ಧಗಳ ಬೀಜ ಈ ಒಂದು ಶಬ್ದದ ಅರ್ಥದಲ್ಲಿಯೇ ಇದ್ದಿತು.

ಇಷ್ಟರಲ್ಲಿ ಮರಾಠರ ಒಳಗಿನ ಸ್ಥಿತಿ ಬದಲಾಗಿತ್ತು. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಗೊಂಡ ಶಾಹುವಿಗೂ ತಾರಾಬಾಯಿಗೂ ಸಿಂಹಾಸನಕ್ಕಾಗಿ ಕಲಹ ನಡೆದಿತ್ತು. ಕಾನ್ಹೋಜಿ ತಾರಾಬಾಯಿಯ ಪಕ್ಷದವನು. ಅವನನ್ನು ದಂಡಿಸಲು 1713ರಲ್ಲಿ ಶಾಹು ಕಳುಹಿಸಿದ ಪೇಶ್ವೆ ಬಹಿರೋಪಂತ ಪಿಂಗಳೆಯೇ ಅವನ ಸೆರೆಯಾಳಾದನು. ಅನಂತರ ಪೇಶ್ವೆ ಪದವಿಗೇರಿದ ಬಾಳಾಜಿ ವಿಶ್ವನಾಥನು ಕತ್ತಿಯನ್ನು ಬದಿಗಿಟ್ಟು ಮಾತುಕತೆಗೆ ಬಂದನು. ಬಾಳಾಜಿಯೂ ಕೊಂಕಣದ ಶ್ರೀವರ್ಧನದವನು; ಕಡಲಿನ ಬೆಲೆ ಬಲ್ಲವನು. 1714ರಲ್ಲಿ ಲೋಣಾವಳದ ಬಳಿ ಏರ್ಪಟ್ಟ ಸಂಧಿಯಂತೆ ಕಾನ್ಹೋಜಿ ಶಾಹುವಿನ ಪಕ್ಷಕ್ಕೆ ಬಂದನು. ಹತ್ತು ಕೋಟೆಗಳೂ ಹದಿನಾರು ಭದ್ರಸ್ಥಳಗಳೂ ಸರಖೇಲ ಪದವಿಯೂ ಅವನಿಗೆ ಸ್ಥಿರಪಟ್ಟವು. ಪಕ್ಷಾಂತರವೆಂದು ಇದನ್ನು ಹಳಿಯುವವರಿದ್ದಾರೆ. ಆದರೆ ಇದರಿಂದಾಗಿ ಕರಾವಳಿ ಮತ್ತು ಘಟ್ಟದ ಮೇಲಿನ ರಾಜ್ಯ ಮತ್ತೆ ಒಂದಾದವೆಂಬುದನ್ನು ಮರೆಯಲಾಗದು. ಅದರ ಫಲ ಏಳು ವರ್ಷಗಳ ಅನಂತರ ಕಾಣಿಸಿತು.

1715ರ ಕೊನೆಯಲ್ಲಿ ಮುಂಬಯಿಯ ಗವರ್ನರನಾಗಿ ಬಂದ ಚಾರ್ಲ್ಸ್ ಬೂನ್ ಪಟ್ಟಣಕ್ಕೆ ಕೋಟೆಗೋಡೆ ಕಟ್ಟಿಸಿ, ಯುದ್ಧನೌಕೆಗಳನ್ನು ಸಿದ್ಧಗೊಳಿಸಿ, ಆಂಗ್ರೆಯನ್ನು ಅಳಿಸಿಬಿಡಲು ಪಣತೊಟ್ಟನು. ವಿಜಯದುರ್ಗದ ಮೇಲಿನ ದಾಳಿ ವಿಫಲವಾಯಿತು. 1718ರಲ್ಲಿ ಖಾಂದೇರಿಯ ಮುತ್ತಿಗೆಯೂ ವಿಫಲವಾಯಿತು. 1720ರಲ್ಲಿ ತೇಲುವ ತೋಪುಖಾನೆಯೊಂದನ್ನು ಕಟ್ಟಿಸಿ ಮತ್ತೆ ವಿಜಯದುರ್ಗಕ್ಕೆ ಒಯ್ದರು, ಅದರಿಂದಲೂ ಪ್ರಯೋಜನವಾಗಲಿಲ್ಲ.

ಸೋಲಿನ ಕಹಿ ಪಟ್ಟಣದೊಳಗೂ ಹರಿಯಿತು. ರಾಮಾ ಕಾಮತಿ ಎಂಬ ಸಾರಸ್ವತ ವರ್ತಕನು ಆಗ ಮುಂಬಯಿಯ ಅತ್ಯಂತ ಗಣ್ಯ ಹಿಂದೂ ಗೃಹಸ್ಥರಲ್ಲಿ ಒಬ್ಬ. ವಾಳಕೇಶ್ವರದ ದೇವಾಲಯವನ್ನು ಪುನಃ ಕಟ್ಟಿಸಿದವನು ಅವನೇ. 1718ರ ಕ್ರಿಸ್‌ಮಸ್ಸಿನಂದು ಸೇಂಟ್ ಥಾಮಸ್ ಚರ್ಚಿನ ಪ್ರಾರಂಭೋತ್ಸವಕ್ಕೆ ತನ್ನ ಜನರೊಡನೆ ಹೋದವನೂ ಅವನೇ. ಆಂಗ್ರೆಯೊಡನೆ ಗುಪ್ತವಾಗಿ ಪತ್ರವ್ಯವಹಾರ ನಡೆಸಿದನೆಂದು 1720ರಲ್ಲಿ ಅವನನ್ನು ವಿಚಾರಣೆಗೆ ಒಳಪಡಿಸಿ, ಆಸ್ತಿಯನ್ನು ಮುಟ್ಟುಗೋಲು ಹಾಕಿ, ಸೆರೆಗೆ ತಳ್ಳಿದರು. ಸಾಕ್ಷ್ಯವಾಗಿದ್ದ ಪತ್ರಗಳು ಕೃತ್ರಿಮವೆಂದು ಮುಂದೆ ತಿಳಿದುಬಂದಿತು. ಕಾನ್ಹೋಜಿಯನ್ನು ಗೆಲ್ಲಲಾರದ ಸಿಟ್ಟಿಗೆ ಬಲಿಯಾದವರಲ್ಲಿ ಈ ನಿರಪರಾಧಿಯ ಕಥೆ ಅತ್ಯಂತ ದಾರುಣವಾದುದು.

ಕೊನೆಯ ದೊಡ್ಡ ಪ್ರಯತ್ನ ನಡೆದದ್ದು 1721ರ ಡಿಸೆಂಬರಿನಲ್ಲಿ. ಇಂಗ್ಲಿಷರೂ ಪೋರ್ಚುಗೀಸರೂ ಒಂದುಗೂಡಿ ಕೊಲಾಬಾದ ಮೇಲೆ ಬಂದರು. ಕಮೋಡೋರ್ ಥಾಮಸ್ ಮ್ಯಾಥ್ಯೂಸನ ಕೈಕೆಳಗೆ ಇಂಗ್ಲೆಂಡಿನ ರಾಜನ ಯುದ್ಧನೌಕೆಗಳೂ ಇದ್ದವು. ಗೋವೆಯ ವೈಸರಾಯ್ ಸ್ವತಃ ಬಂದಿದ್ದನು. ಇಬ್ಬರ ಸೇನೆಗಳಲ್ಲಿ ಹೊಂದಾಣಿಕೆಯಿರಲಿಲ್ಲ. ಸಂಧಿಗೆ ತಕ್ಕಂತೆ ಶಾಹುವಿನ ಸೈನ್ಯ ಘಟ್ಟವಿಳಿದು ಬಂದಾಗ ಮುತ್ತಿಗೆ ಕುಸಿಯಿತು. ಮ್ಯಾಥ್ಯೂಸನ ತೊಡೆಗೆ ಭರ್ಜಿಯ ಗಾಯವಾಯಿತು. ಪೋರ್ಚುಗೀಸರು ಮಿತ್ರರನ್ನು ಬಿಟ್ಟು ಮರಾಠರೊಡನೆ ಪ್ರತ್ಯೇಕವಾಗಿ ಸಂಧಿ ಮಾಡಿಕೊಂಡರು. ಮ್ಯಾಥ್ಯೂಸನ ಹಡಗುಗಳು ಹಿಂದೂ ಮಹಾಸಾಗರಕ್ಕೆ ಬಂದುದು ಮಡಗಾಸ್ಕರಿನ ಕಡಲ್ಗಳ್ಳರನ್ನು ಅಡಗಿಸುವುದಕ್ಕಾಗಿ. ಅದನ್ನು ಬಿಟ್ಟು ರಾಜನ ಹಡಗುಗಳಲ್ಲಿ ವ್ಯಾಪಾರ ನಡೆಸಿದನೆಂಬ ಆರೋಪದ ಮೇಲೆ 1724ರಲ್ಲಿ ಅವನೇ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು.

1729ರ ಜುಲೈ 4ರಂದು ಕಾನ್ಹೋಜಿ ತೀರಿಕೊಂಡನು. ಅವನ ಜೀವಿತದಲ್ಲಿ ಅವನ ಮುಖ್ಯ ಕೋಟೆಗಳಲ್ಲಿ ಒಂದನ್ನೂ ಇಂಗ್ಲಿಷರು ಗೆಲ್ಲಲಾಗಲಿಲ್ಲ. ಆದರೆ ಅವನು ಕಟ್ಟಿದ ಪಡೆ ರಾಜ್ಯದ ಸಂಸ್ಥೆಯಾಗದೆ ಮನೆತನದ ಸ್ವತ್ತಾಗಿಯೇ ಉಳಿಯಿತು. ಇದು ಅವನ ಸಾಧನೆಯ ದೊಡ್ಡ ಕೊರತೆಯೆನ್ನಬೇಕು. ಹಿರಿಯ ಮಗ ಸೇಖೋಜಿಯ ಮರಣಾನಂತರ ಕೊಲಾಬಾ ಮಾನಾಜಿಗೂ ವಿಜಯದುರ್ಗ ಸಂಭಾಜಿಗೂ ಹಂಚಿಹೋದವು. ಸಂಭಾಜಿಯ ಬಳಿಕ ಬಂದ ತುಳಾಜಿಗೆ ಪೇಶ್ವೆಯೊಡನೆ ವೈರ ಬೆಳೆಯಿತು. ಕಡೆಗೆ ಪೇಶ್ವೆಯೇ ಇಂಗ್ಲಿಷರ ನೆರವು ಬೇಡಿದನು. 1755ರಲ್ಲಿ ಸುವರ್ಣದುರ್ಗ ಬಿದ್ದಿತು. 1756ರ ಫೆಬ್ರವರಿಯಲ್ಲಿ ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗವನ್ನು ಹಿಡಿದಾಗ ಬಂದರಿನಲ್ಲಿದ್ದ ಆಂಗ್ರೆಯ ಹಡಗುಗಳೆಲ್ಲ ಸುಟ್ಟುಹೋದವು. ತುಳಾಜಿ ಸೆರೆಯಲ್ಲಿಯೇ ಸತ್ತನು. ಕೊಲಾಬಾದ ಶಾಖೆ ಮಾತ್ರ ಚಿಕ್ಕ ಸಂಸ್ಥಾನವಾಗಿ ಉಳಿದು, ಉತ್ತರಾಧಿಕಾರಿಯಿಲ್ಲವೆಂಬ ಕಾರಣದಿಂದ 1840ರಲ್ಲಿ ಕಂಪನಿಯ ಆಡಳಿತದಲ್ಲಿ ವಿಲೀನವಾಯಿತು.

ಮುಂಬಯಿಯ ಹಳೆಯ ಕೋಟೆಯ ಆವರಣದಲ್ಲಿರುವ ನೌಕಾನೆಲೆಗೆ 1951ರಲ್ಲಿ ಭಾರತೀಯ ನೌಕಾಪಡೆಯು ಐಎನ್ಎಸ್ ಆಂಗ್ರೆ ಎಂದು ಹೆಸರಿಟ್ಟಿತು. ಬೂನನು ದಂಡಯಾತ್ರೆಗಳನ್ನು ಹೂಡಿದ ಕಾಲದಲ್ಲಿ ಅದು ಕಂಪನಿಯ ಕೋಟೆಯಾಗಿತ್ತು. ಕಾನ್ಹೋಜಿಯ ಸಮಾಧಿ ಅಲಿಬಾಗಿನಲ್ಲಿದೆ.