ಫ್ರೆಡರಿಕ್ ಗ್ರಿಫಿತ್ ಮತ್ತು ರೋಗಾಣುಗಳ ದಾಯಭಾಗ

1928ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ವೈದ್ಯಶಾಸ್ತ್ರಕ್ಕೆ ಸಂಬಂಧಪಟ್ಟ ಎರಡು ಮಹತ್ಕಾರ್ಯಗಳು ನಡೆದವು. ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಮಹಾಶಯರು ಪೆನಿಸಿಲಿನ್ನಿನ ಗುಣವನ್ನು ಗುರುತಿಸಿದರು; ಇದನ್ನರಿಯದ ವಿದ್ಯಾವಂತರು ವಿರಳ. ಅದಕ್ಕೂ ಮುಂಚೆ, ಅದೇ ವರ್ಷದ ಜನವರಿಯಲ್ಲಿ, ಫ್ರೆಡರಿಕ್ ಗ್ರಿಫಿತ್ ಎಂಬ ಸರ್ಕಾರಿ ವೈದ್ಯಾಧಿಕಾರಿಗಳು ಒಂದು ಲೇಖನವನ್ನು ಪ್ರಕಟಿಸಿದರು. ಜೀವಶಾಸ್ತ್ರದ ವಿದ್ಯಾರ್ಥಿಗಳು ಇವರ ಹೆಸರನ್ನು ಬಲ್ಲರಾದರೂ, ಔಷಧ ಸೇವಿಸುವ ಸಾಮಾನ್ಯ ಜನರಿಗೆ ಇವರಿಂದ ದೊರೆತ ಪಾಠವು ಇನ್ನೂ ಮುಟ್ಟಿಲ್ಲವೆಂದೇ ನಮ್ಮ ಭಾವನೆ. ಆದುದರಿಂದ ಈ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದಲ್ಲಿ ಜನಿಸಿದ ಗ್ರಿಫಿತ್ತರು ಲಿವರ್‌ಪೂಲಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಲಂಡನ್ನಿನ ಆರೋಗ್ಯ ಇಲಾಖೆಯ ಪ್ರಯೋಗಶಾಲೆಯಲ್ಲಿ ಉದ್ಯೋಗಕ್ಕೆ ಸೇರಿದರು. ಮಿತಭಾಷಿಗಳು, ಸಭೆ ಸಮಾರಂಭಗಳಿಂದ ದೂರವಿದ್ದವರು. 1918ರ ಇನ್‌ಫ್ಲುಯೆಂಜಾ ಮಾರಿಯು ಲೋಕವನ್ನೆಲ್ಲ ತಲ್ಲಣಗೊಳಿಸಿ, ನಮ್ಮ ದೇಶವೊಂದರಲ್ಲಿಯೇ ಕೋಟಿಗೂ ಮಿಕ್ಕ ಜನರನ್ನು ಬಲಿ ತೆಗೆದುಕೊಂಡಿತಷ್ಟೆ. ಆಗ ಸತ್ತವರಲ್ಲಿ ಅನೇಕರಿಗೆ ಮೃತ್ಯುವನ್ನು ತಂದುದು ಜ್ವರದ ಬೆನ್ನಹಿಂದೆ ಬಂದ ಶ್ವಾಸಕೋಶದ ಉರಿಯೂತ. ಇದಕ್ಕೆ ಕಾರಣವಾದ ಅಣುಜೀವಿಗಳಲ್ಲಿ ನ್ಯುಮೋಕಾಕಸ್ ಎಂಬುದು ಮುಖ್ಯವಾದುದು. ಇದು ಆರೋಗ್ಯವಂತರ, ವಿಶೇಷವಾಗಿ ಮಕ್ಕಳ, ಮೂಗು ಗಂಟಲುಗಳಲ್ಲಿ ಸಾಧುವಿನಂತೆ ವಾಸವಾಗಿದ್ದು, ದೇಹವು ಬಲಗುಂದಿದ ಸಮಯವನ್ನು ನೋಡಿ ಮೇಲೆ ಬೀಳತಕ್ಕದ್ದು. ಗ್ರಿಫಿತ್ತರು ಕೈಗೊಂಡುದು ಇದರ ಪರಿಶೀಲನೆಯನ್ನೇ.

ಈ ಜೀವಿಯಲ್ಲಿ ಎರಡು ಬಗೆಗಳುಂಟು. ಒಂದಕ್ಕೆ ಸಕ್ಕರೆಯ ಜಾತಿಯ ನುಣುಪಾದ ಕವಚವಿರುವುದು. ರಕ್ತದ ಬಿಳಿಯ ಕಣಗಳು ಇದನ್ನು ಸುಲಭವಾಗಿ ಹಿಡಿಯಲಾರವು, ಆದುದರಿಂದ ಇದು ಪ್ರಾಣಾಂತಕ. ಕವಚವಿಲ್ಲದ ಒರಟು ಬಗೆಯು ನಿರಪಾಯಕರ. ಗ್ರಿಫಿತ್ತರು ಘಾತುಕ ಬಗೆಯನ್ನು ಕಾಯಿಸಿ ಕೊಂದು, ಆ ಶವಗಳನ್ನು ಜೀವಂತವಾದ ನಿರಪಾಯಕರ ಬಗೆಯೊಡನೆ ಬೆರೆಸಿ ಇಲಿಗಳಿಗೆ ಚುಚ್ಚಿದರು. ಬೇರೆ ಬೇರೆಯಾಗಿ ಚುಚ್ಚಿದಾಗ ಇವೆರಡೂ ಇಲಿಯನ್ನು ಕೊಲ್ಲುತ್ತಿರಲಿಲ್ಲ; ಕೂಡಿಸಿ ಚುಚ್ಚಿದಾಗ ಇಲಿಗಳು ಸತ್ತುವು. ಅವುಗಳ ರಕ್ತದಲ್ಲಿ ಕವಚಧಾರಿಯಾದ ಜೀವಂತ ಘಾತುಕಾಣುಗಳೇ ತುಂಬಿದ್ದವು! ಇವುಗಳ ಸಂತತಿಗೂ ಆ ಕವಚವು ಮುಂದುವರಿಯಿತು. ಆಸ್ತಿಯು ತಂದೆಯಿಂದ ಮಗನಿಗೆ ಬರುವುದು ಲೋಕರೂಢಿ. ಇಲ್ಲಿಯಾದರೋ ಸತ್ತ ಪರಕೀಯನ ಆಯುಧವು ಬದುಕಿದ್ದವನ ಪಾಲಾಯಿತು.

ಬರ್ಲಿನ್ನಿನಲ್ಲಿ ನಾಯ್‌ಫೆಲ್ಡ್ ಪಂಡಿತರು ಇದೇ ಪ್ರಯೋಗವನ್ನು ಮಾಡಿ ಫಲವನ್ನು ಸ್ಥಿರಪಡಿಸಿದರು. ಆದರೆ ವಿಧಿಯ ವಿಪರೀತವನ್ನೇನೆಂದು ಹೇಳೋಣ! 1941ರ ಏಪ್ರಿಲಿನಲ್ಲಿ ಲಂಡನ್ನಿನ ಮೇಲೆ ನಡೆದ ಜರ್ಮನ್ ವಿಮಾನದಾಳಿಯಲ್ಲಿ ಗ್ರಿಫಿತ್ತರೂ ಅವರ ಚಿರಕಾಲದ ಸಹೋದ್ಯೋಗಿಗಳಾದ ಸ್ಕಾಟರೂ ಮೃತಪಟ್ಟರು. ಶವದಿಂದ ಜೀವಕ್ಕೆ ದಾಟಿದ ಆ ವಸ್ತುವು ಡಿಎನ್‌ಎ ಎಂಬುದನ್ನು ನ್ಯೂಯಾರ್ಕಿನ ಏವರಿ ಮತ್ತು ಅವರ ಸಂಗಡಿಗರು 1944ರಲ್ಲಿ ಸಿದ್ಧಪಡಿಸಿದಾಗ, ಅದನ್ನು ಕೇಳಿ ಸಂತೋಷಪಡಲು ಅವರು ಇರಲಿಲ್ಲ.

ಇನ್ನು ಅವರ ಶೋಧನೆಗೂ ನಮಗೂ ಇರುವ ಸಂಬಂಧವನ್ನು ಹೇಳುವೆವು. ಪೆನಿಸಿಲಿನ್ನಿನ ಮುಂದೆ ಮೊದಲು ತಲೆಬಾಗಿದ ನ್ಯುಮೋಕಾಕಸ್ ಕ್ರಮೇಣ ಅದನ್ನು ಎದುರಿಸತೊಡಗಿತು. 1967ರಲ್ಲಿ ಆಸ್ಟ್ರೇಲಿಯಾದಿಂದ ಇಂತಹ ಪ್ರಸಂಗವು ವರದಿಯಾಯಿತು. 1977ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಮದ್ದಿಗೆ ಬಗ್ಗದ ರೋಗಾಣುಗಳು ರೋಗಿಗಳ ಪ್ರಾಣವನ್ನೇ ತೆಗೆದವು. ಪೆನಿಸಿಲಿನ್ ರೋಗಾಣುವಿನ ಹೊರಗೋಡೆಯನ್ನು ಕಟ್ಟುವ ಪ್ರೋಟೀನುಗಳನ್ನು ಹಿಡಿದು ನಿಲ್ಲಿಸತಕ್ಕದ್ದು. ಮೊಂಡುಬಿದ್ದ ನ್ಯುಮೋಕಾಕಸ್ಸಿನಲ್ಲಿ ಆ ಪ್ರೋಟೀನುಗಳ ವಂಶವಾಹಿಗಳು ತೇಪೆ ಹಾಕಿದಂತಿರುವುವು. ಆ ತೇಪೆಗಳು ಬಂದುದು ಅದೇ ಗಂಟಲಿನಲ್ಲಿ ನೆರೆಹೊರೆಯಾಗಿದ್ದ, ಸಾಮಾನ್ಯವಾಗಿ ಉಪದ್ರವ ಮಾಡದ ಬೇರೆ ಸ್ಟ್ರೆಪ್ಟೊಕಾಕಸ್ಸುಗಳಿಂದ. ಗ್ರಿಫಿತ್ತರು ಇಲಿಯ ದೇಹದಲ್ಲಿ ಕಂಡ ದಾರಿಯಿಂದಲೇ ಘಾತುಕಶಕ್ತಿಯಂತೆ ಔಷಧನಿರೋಧವೂ ಸಂಚರಿಸುತ್ತಿದೆ.

ಇದರಿಂದ ತಿಳಿಯತಕ್ಕುದೇನು? ನೆಗಡಿಗೆ ಈ ಮದ್ದುಗಳು ಏನನ್ನೂ ಮಾಡಲಾರವು. ಆದರೂ ವೈದ್ಯರ ಅಪ್ಪಣೆಯಿಲ್ಲದೆ ಅಂಗಡಿಯಿಂದ ತಂದು ನುಂಗುವವರು ನಮ್ಮ ಪಟ್ಟಣಗಳಲ್ಲಿ ಅನೇಕರಿದ್ದಾರೆ. ಹಾಗೆ ನುಂಗಿದ ಮದ್ದು ವ್ಯರ್ಥವಾಯಿತೆಂದು ಭಾವಿಸುವುದು ಸರಿಯಲ್ಲ. ಅದು ಗಂಟಲಿನ ಸಾಧುಜೀವಿಗಳಲ್ಲಿ ದುರ್ಬಲವಾದವನ್ನು ಕೊಂದು, ಮೊಂಡಾದವನ್ನು ಉಳಿಸಿ ಬೆಳೆಸುತ್ತದೆ. ಅವುಗಳ ಸ್ವತ್ತು ನಾಳೆ ಘಾತುಕನ ಕೈಸೇರಬಹುದು. ಆ ಘಾತುಕನು ನುಂಗಿದವನ ಮಗುವನ್ನೋ ನೆರೆಮನೆಯ ವೃದ್ಧನನ್ನೋ ಹುಡುಕಿಕೊಂಡು ಹೋದಾನು.

ಕೆಲವು ಪ್ರಬಲ ಔಷಧಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವು ನಮ್ಮ ದೇಶದಲ್ಲಿ 2014ರ ಮಾರ್ಚಿಯಿಂದ ಜಾರಿಗೆ ಬಂದಿದೆ. ಅಧಿಕಾರಿಗಳು ಅದನ್ನು ಕಾಗದದ ಮೇಲೆಯೇ ಬಿಡದೆ ನಡೆಸಬೇಕು. ವ್ಯಾಪಾರಿಗಳು ಅಲ್ಪಲಾಭಕ್ಕಾಗಿ ಅದನ್ನು ಮೀರಬಾರದು. ಜನರೂ ಮದ್ದನ್ನು ಕೇಳಿ ಪೀಡಿಸಬಾರದು. ಸದ್ದುಗದ್ದಲವಿಲ್ಲದೆ ತನ್ನ ಕರ್ತವ್ಯವನ್ನು ಮಾಡಿ ಹೋದ ಆ ಸರ್ಕಾರಿ ನೌಕರನ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಗೌರವವಿದೆಯೆಂದು ನಾವು ತಿಳಿಯೆವು.