ಹಸಿರೆಲೆಯ ಬಣ್ಣಗಳನ್ನು ಬಿಡಿಸಿದವರು

ಮೈಸೂರಿನ ಹಳೆಯ ಮನೆಗಳ ಹಿತ್ತಿಲಿನಲ್ಲಿ ತುಳಸಿ, ದೊಡ್ಡಪತ್ರೆ, ಆಡುಸೋಗೆಗಳು ಮನೆಯವರಂತೆಯೇ ಬೆಳೆಯುತ್ತಿದ್ದವು. ಮಗುವಿಗೆ ಕೆಮ್ಮು ಬಂದರೆ ಅಜ್ಜಿ ಆಡುಸೋಗೆಯ ನಾಲ್ಕು ಎಲೆಗಳನ್ನು ಕಿತ್ತು, ಕುದಿಸಿ, ಬೆಲ್ಲ ಬೆರೆಸಿ ಕಷಾಯ ಮಾಡಿ ಕುಡಿಸುತ್ತಿದ್ದಳು. ಆ ಕಷಾಯದಲ್ಲಿ ಬೆರೆತಿರುವ ಪದಾರ್ಥಗಳು ಒಂದೆರಡಲ್ಲ. ಅವುಗಳಲ್ಲಿ ಕೆಮ್ಮನ್ನು ಶಮನಗೊಳಿಸುವುದು ಯಾವುದು? ಇದನ್ನು ತಿಳಿಯಬೇಕಾದರೆ ಬೆರೆತುದನ್ನು ಬೇರ್ಪಡಿಸಬೇಕು. ಬೇರ್ಪಡಿಸುವಾಗ ಅವುಗಳ ಗುಣ ಕೆಡದಂತೆಯೂ ನೋಡಿಕೊಳ್ಳಬೇಕು. ಇಂತಹ ಕಾರ್ಯಕ್ಕೆ ಇಂದು ಜಗತ್ತಿನ ಪ್ರಯೋಗಾಲಯಗಳೆಲ್ಲ ಅನುಸರಿಸುವ ಕ್ರಮಕ್ಕೆ ಕ್ರೊಮಟಾಗ್ರಫಿ ಎಂದು ಹೆಸರು. ಕನ್ನಡದಲ್ಲಿ ಇದನ್ನು ವರ್ಣಲೇಖನ ಎನ್ನಬಹುದು. ಇದನ್ನು ಲೋಕಕ್ಕೆ ನೀಡಿದವರು ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯವಿಜ್ಞಾನಿ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ ಎಂದೇ ಅರ್ಥ.

ತ್ಸ್ವೆತ್ ಅವರು 1872ರ ಮೇ 14ರಂದು ಇಟಲಿಯ ಆಸ್ತಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಷ್ಯದವರು, ತಾಯಿ ಇಟಲಿಯವರು. ಹೆತ್ತ ತಾಯಿ ಮಗುವಿನ ಜನನವಾದ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಬಾಲಕನು ಸ್ವಿಟ್ಜರ್ಲೆಂಡಿನಲ್ಲಿ ಬೆಳೆದು, ಜಿನೀವ ವಿಶ್ವವಿದ್ಯಾನಿಲಯದಲ್ಲಿ ಓದಿ, 1896ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಅದೇ ವರ್ಷ ತರುಣ ತ್ಸ್ವೆತ್ ತಂದೆಯ ನಾಡಾದ ರಷ್ಯಕ್ಕೆ ಹೊರಟರು. ಆದರೆ ಹೊರದೇಶದ ಆ ಪದವಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಕಲಿತುದನ್ನೆಲ್ಲ ಬದಿಗಿಟ್ಟು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. ಅವರು ಧೃತಿಗೆಡದೆ 1901ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದಿಂದ ಇನ್ನೊಂದು ಪದವಿಯನ್ನು ಗಳಿಸಿ, ಮರುವರ್ಷ ಅಂದು ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದಲ್ಲಿ ಕೆಲಸಕ್ಕೆ ಸೇರಿದರು.

ಎಲೆಗೆ ಹಸಿರು ಬಣ್ಣವನ್ನು ಕೊಡುವ ಪತ್ರಹರಿತ್ತು ಒಂದೇ ಪದಾರ್ಥವೋ, ಹಲವು ಪದಾರ್ಥಗಳ ಕೂಟವೋ ಎಂಬುದು ಆಗ ವಿದ್ವಾಂಸರೊಳಗೆ ವಿವಾದದ ವಿಷಯವಾಗಿತ್ತು. ರಸಾಯನಜ್ಞರು ಎಲೆಯ ಸಾರವನ್ನು ಆಮ್ಲ, ಕ್ಷಾರಗಳೊಡನೆ ಬೆರೆಸಿ ಪರೀಕ್ಷಿಸುತ್ತಿದ್ದರು. ಇದರಿಂದ ಸಾರವೇ ಮಾರ್ಪಾಟಾಗುತ್ತಿತ್ತು. ಎಲೆಯೊಳಗೆ ಇದ್ದುದು ಯಾವುದು, ಪರೀಕ್ಷೆಯಿಂದ ಹುಟ್ಟಿದುದು ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ಬಲಪ್ರಯೋಗವಿಲ್ಲದೆ ಬೇರ್ಪಡಿಸುವ ಉಪಾಯವನ್ನು ತ್ಸ್ವೆತ್ ಅರಸಿದರು. ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

ಕೊನೆಗೆ ದೊರೆತ ಉಪಾಯವು ಬಹು ಸರಳವಾಗಿತ್ತು. ಕಿರಿದಾದ ಗಾಜಿನ ನಳಿಕೆಯೊಳಗೆ ಸೀಮೆಸುಣ್ಣದ ನಯವಾದ ಪುಡಿಯನ್ನು ಒತ್ತಾಗಿ ತುಂಬಿ, ಅದರ ಮೇಲೆ ಎಲೆಯ ಸಾರವನ್ನು ಸುರಿದರು. ಅನಂತರ ಶುದ್ಧವಾದ ದ್ರಾವಕವನ್ನು ಮೆಲ್ಲನೆ ಹರಿಯಬಿಟ್ಟರು. ಹಸಿರಾಗಿದ್ದ ಸಾರವು ಇಳಿಯುತ್ತ ಇಳಿಯುತ್ತ ಬಣ್ಣದ ಪಟ್ಟಿಗಳಾಗಿ ಒಡೆಯಿತು. ಕ್ಯಾರೊಟಿನ್ ಎಲ್ಲಕ್ಕಿಂತ ಮುಂದಾಗಿ ಕೆಳಗೆ ಇಳಿದುಹೋಯಿತು. ಅದರ ಹಿಂದೆ ಹಳದಿಯ ಪಟ್ಟಿಗಳು, ಅವುಗಳ ಮೇಲೆ ನೀಲಿಮಿಶ್ರಿತ ಹಸಿರು, ಅದರ ಮೇಲೆ ಹಳದಿಮಿಶ್ರಿತ ಹಸಿರು ನಿಂತವು. ಪತ್ರಹರಿತ್ತು ಒಂದಲ್ಲ, ಎರಡು ಎಂಬುದು ಕಣ್ಣಿಗೇ ಕಾಣಿಸಿತು.

ಇದು ಹೇಗಾಯಿತು? ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವವರನ್ನು ನೆನೆಯಿರಿ. ಎಲ್ಲರೂ ಬುಡದಿಂದ ಒಟ್ಟಿಗೇ ಹೊರಡುತ್ತಾರೆ. ಒಬ್ಬರು ಮೆಟ್ಟಿಲು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತಾರೆ. ಇನ್ನೊಬ್ಬರು ಎಲ್ಲಿಯೂ ನಿಲ್ಲದೆ ನಡೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಇವರಿಬ್ಬರ ನಡುವೆ ದೂರ ಬೆಳೆಯುತ್ತದೆ. ಹಾಗೆಯೇ, ಪುಡಿಗೆ ಹೆಚ್ಚಾಗಿ ಅಂಟಿಕೊಳ್ಳುವ ಪದಾರ್ಥ ಹಿಂದುಳಿಯುತ್ತದೆ. ಕಡಿಮೆ ಅಂಟಿಕೊಳ್ಳುವುದು ದ್ರಾವಕದೊಡನೆ ಮುಂದೆ ಸಾಗುತ್ತದೆ.

1903ರ ಮಾರ್ಚ್ ತಿಂಗಳಿನಲ್ಲಿ ತ್ಸ್ವೆತ್ ಈ ಬಗೆಯ ಬೇರ್ಪಡಿಕೆಯನ್ನು ಕುರಿತು ವಾರ್ಸಾ ನಗರದ ವಿದ್ವತ್ಸಭೆಯೊಂದರಲ್ಲಿ ಉಪನ್ಯಾಸ ಮಾಡಿದರು. 1906ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಲೇಖನಗಳನ್ನು ಪ್ರಕಟಿಸಿ, ತಮ್ಮ ಕ್ರಮಕ್ಕೆ ಕ್ರೊಮಟಾಗ್ರಫಿ ಎಂದು ಹೆಸರಿಟ್ಟರು. ಬಣ್ಣವಿಲ್ಲದ ಪದಾರ್ಥಗಳನ್ನೂ ಹೀಗೆಯೇ ಬೇರ್ಪಡಿಸಬಹುದೆಂದು ಆಗಲೇ ಮನಗಂಡಿದ್ದರು. ಆದರೆ ಲೋಕ ಅವರನ್ನು ಆದರಿಸಲಿಲ್ಲ. ಪೋಲೆಂಡಿನ ರಸಾಯನಜ್ಞ ಮಾರ್ಖ್ಲೆವ್‌ಸ್ಕಿ ಇದನ್ನು ಕಟುವಾಗಿ ಖಂಡಿಸಿದರು. ಪತ್ರಹರಿತ್ತಿನ ಸಂಶೋಧನೆಗಾಗಿ 1915ರ ನೊಬೆಲ್ ಪ್ರಶಸ್ತಿಯನ್ನು ಪಡೆದ ವಿಲ್‌ಸ್ಟೇಟರ್ ಅವರೂ ಇದನ್ನು ಸಂದೇಹದಿಂದಲೇ ಕಂಡರು. ತ್ಸ್ವೆತ್ ಕೋಪದಿಂದ ಕೈಚೆಲ್ಲಲಿಲ್ಲ. 1907ರಲ್ಲಿ ಬರ್ಲಿನ್ನಿಗೆ ಹೋಗಿ, ಬಣ್ಣದ ಪಟ್ಟಿಗಳಿದ್ದ ನಳಿಕೆಗಳನ್ನು ಅಲ್ಲಿಯ ಸಸ್ಯವಿಜ್ಞಾನಿಗಳ ಎದುರಿಗಿಟ್ಟು ತೋರಿಸಿದರು. 1910ರಲ್ಲಿ ತಮ್ಮ ಸಂಶೋಧನೆಯನ್ನೆಲ್ಲ ರಷ್ಯನ್ ಭಾಷೆಯ ಗ್ರಂಥವೊಂದರಲ್ಲಿ ಬರೆದಿಟ್ಟರು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. 1915ರಲ್ಲಿ ಜರ್ಮನ್ ಸೈನ್ಯ ವಾರ್ಸಾ ನಗರವನ್ನು ಸಮೀಪಿಸಿದಾಗ ತ್ಸ್ವೆತ್ ಅದನ್ನು ಬಿಟ್ಟು ಹೊರಡಬೇಕಾಯಿತು. ಅನಂತರ ಅವರ ಬಾಳು ಊರಿಂದೂರಿಗೆ ಅಲೆಯುವ ಬಾಳಾಯಿತು. 1917ರಲ್ಲಿ, ಇಂದು ತಾರ್ತು ಎಂದು ಹೆಸರಾಗಿರುವ ಊರಿನಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತಾದರೂ, ಯುದ್ಧ ಅಲ್ಲಿಗೂ ಬೆನ್ನಟ್ಟಿ ಬಂದಿತು. ಕೊನೆಗೆ ವರೋನೆಷ್ ನಗರವನ್ನು ಸೇರಿದ ಅವರು, 1919ರ ಜೂನ್ 26ರಂದು, ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ತಮ್ಮ ಕ್ರಮಕ್ಕೆ ದೊರೆಯಲಿದ್ದ ಮನ್ನಣೆಯನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ.

ಸತ್ಯಕ್ಕೆ ಮರೆವು ಕವಿಯಬಹುದು, ಮರಣವಿಲ್ಲ. ವಿಲ್‌ಸ್ಟೇಟರ್ ಅವರ ಬಳಿ ತ್ಸ್ವೆತ್ ಗ್ರಂಥದ ಜರ್ಮನ್ ಅನುವಾದದ ಹಸ್ತಪ್ರತಿಯೊಂದಿತ್ತು. ಅದು ಅವರ ಶಿಷ್ಯ ಕೂನ್ ಅವರ ಕೈಸೇರಿತು. 1931ರಲ್ಲಿ ಕೂನ್ ಮತ್ತು ಲೆಡರರ್ ಮೊದಲಾದವರು ಹೈಡಲ್‌ಬರ್ಗ್ ನಗರದಲ್ಲಿ ತ್ಸ್ವೆತ್ ಹೇಳಿದಂತೆಯೇ ನಡೆದು, ಸಸ್ಯವರ್ಣಗಳನ್ನು ಬೇರ್ಪಡಿಸಿ ತೋರಿಸಿದರು. ಸಂದೇಹಿಸಿದವರ ಕೈಯಿಂದಲೇ ಬೀಜವು ಮತ್ತೆ ಹೊಲವನ್ನು ಸೇರಿದಂತಾಯಿತು. ಅಲ್ಲಿಂದ ಮುಂದೆ ಪುಡಿಯ ನಳಿಕೆಯ ಜೊತೆಗೆ ಕಾಗದವೂ ಬಳಕೆಗೆ ಬಂದಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವಿ. ಗಿರಿ ಮತ್ತು ಎನ್. ಎ. ಎನ್. ರಾವ್ ಅವರು ದುಂಡು ಕಾಗದದ ಕ್ರಮವನ್ನು ರೂಪಿಸಿ 1952ರಲ್ಲಿ ಪ್ರಕಟಿಸಿದರು. ದ್ರಾವಕವು ಕಾಗದದ ನಡುವಿನಿಂದ ಅಂಚಿನತ್ತ ಹರಡುತ್ತಿದ್ದಂತೆ, ಬೆರೆತ ಪದಾರ್ಥಗಳು ನೀರಿನ ಅಲೆಗಳಂತೆ ಬಳೆಬಳೆಯಾಗಿ ಬೇರ್ಪಡುತ್ತವೆ.

ಅಜ್ಜಿಯ ಆಡುಸೋಗೆಯಲ್ಲಿ ವ್ಯಾಸಿಸಿನ್ ಎಂಬ ಪದಾರ್ಥವಿರುವುದನ್ನೂ, ಅದು ಎಷ್ಟಿದೆ ಎಂಬುದನ್ನೂ ಇಂದು ವರ್ಣಲೇಖನದಿಂದ ಗೊತ್ತುಮಾಡಬಹುದು. ಆ ವ್ಯಾಸಿಸಿನ್ನಿನ ರಚನೆಯ ಜಾಡನ್ನು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧ ತಯಾರಾಯಿತು. ಔಷಧದ ಎಲೆಯ ಪುಡಿಯಲ್ಲಿ ಬೇರೆಯದು ಕಲಬೆರಕೆಯಾಗಿದ್ದರೆ ಅದನ್ನು ಬಯಲಿಗೆಳೆಯಲೂ ಇದೇ ಕ್ರಮವು ನೆರವಾಗುತ್ತದೆ. ಒಂದು ಗಾಜಿನ ನಳಿಕೆ, ಒಂದು ಹಿಡಿ ಸೀಮೆಸುಣ್ಣದ ಪುಡಿ, ಬತ್ತದ ತಾಳ್ಮೆ: ತ್ಸ್ವೆತ್ ಅವರ ಸಂಪತ್ತು ಇಷ್ಟೇ. ಬಾಳಿನಲ್ಲಿ ಅವರಿಗೆ ನೆಲೆಯಾದ ಊರೊಂದು ದೊರೆಯಲಿಲ್ಲ. ಆದರೆ ಅವರ ಕ್ರಮವು ಇಂದು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ನೆಲೆಗೊಂಡಿದೆ.