ಏಮಿ ಕಾರ್ಮೈಕಲ್
ಏಮಿ ಕಾರ್ಮೈಕಲ್ (16 ಡಿಸೆಂಬರ್ 1867 – 18 ಜನವರಿ 1951) ಐರ್ಲೆಂಡ್ ಮೂಲದ ಕ್ರೈಸ್ತ ಮಿಷನರಿ ಹಾಗೂ ಲೇಖಕಿ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ದೋಹ್ನಾವೂರಿನಲ್ಲಿ ಮಕ್ಕಳ ಆಶ್ರಯಧಾಮವನ್ನು ಸ್ಥಾಪಿಸಿದ ಇವರು 55 ವರ್ಷ ಭಾರತದಲ್ಲಿದ್ದರು; ಒಮ್ಮೆಯೂ ಸ್ವದೇಶಕ್ಕೆ ಮರಳಲಿಲ್ಲ. ಆ ಅವಧಿಯ ಕೊನೆಯ ಸುಮಾರು 20 ವರ್ಷಗಳನ್ನು ಅವರು ಹೆಚ್ಚಾಗಿ ಹಾಸಿಗೆಯಲ್ಲಿಯೇ ಕಳೆದರು.

ಆರಂಭಿಕ ಜೀವನ
ಏಮಿಯವರು ಡೌನ್ ಕೌಂಟಿಯ ಮಿಲ್‌ಐಲ್ ಎಂಬ ಕಡಲತೀರದ ಹಳ್ಳಿಯಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಹಿರಿಯರು. ತಂದೆ ಹಿಟ್ಟಿನ ಗಿರಣಿಯ ಒಡೆಯರಾಗಿದ್ದು, 1885ರಲ್ಲಿ ತೀರಿಕೊಂಡರು. ಬೆಲ್‌ಫಾಸ್ಟ್ ನಗರದಲ್ಲಿ ಗಿರಣಿಗಳ ಬಡ ಕಾರ್ಮಿಕ ಯುವತಿಯರ ನಡುವೆ ಏಮಿಯವರ ಸೇವೆ ಆರಂಭವಾಯಿತು.

ನರಶೂಲೆಯು ಅವರನ್ನು ತಾರುಣ್ಯದಿಂದಲೇ ಕಾಡುತ್ತಿತ್ತು. ನೋವು ಉಲ್ಬಣಿಸಿದಾಗ ವಾರಗಟ್ಟಲೆ ಮಲಗಿರಬೇಕಾಗುತ್ತಿತ್ತು. ಚೀನಾಕ್ಕೆ ಹೋಗಲು ಮಾಡಿದ ಪ್ರಯತ್ನ ವೈದ್ಯರ ನಿರಾಕರಣೆಯಿಂದ ನಿಂತುಹೋಯಿತು. 1893ರಲ್ಲಿ ಜಪಾನಿಗೆ ತೆರಳಿದರಾದರೂ ಅಲ್ಲಿಯೂ ಆರೋಗ್ಯ ಕೈಕೊಟ್ಟಿತು.

ಬೆಂಗಳೂರು ಮತ್ತು ದೋಹ್ನಾವೂರು
ಬೆಂಗಳೂರಿನ ಹವೆ ಹಿತಕರವೆಂಬ ಕಾರಣವೂ ಸೇರಿ, 1895ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಜನಾನಾ ಮಿಷನರಿ ಸೊಸೈಟಿಯು ಅವರನ್ನು ಆ ನಗರಕ್ಕೆ ಕಳುಹಿಸಿತು. ಹಿತಕರ ಹವೆಯ ಊರಿಗೆ ಅವರು ತಲುಪಿದ್ದು ಡೆಂಗ್ಯೂ ಜ್ವರದೊಂದಿಗೆ. ಮರುವರ್ಷ ತಮಿಳು ಕಲಿಯಲು ಥಾಮಸ್ ವಾಕರ್ ದಂಪತಿಗಳೊಡನೆ ತಿರುನೆಲ್ವೇಲಿ ಸೀಮೆಗೆ ತೆರಳಿದರು.

1901ರ ಮಾರ್ಚ್‌ನಲ್ಲಿ ದೇವಾಲಯದ ಸೇವೆಗೆ ಒಪ್ಪಿಸಲ್ಪಟ್ಟಿದ್ದ ಏಳು ವರ್ಷದ ಪ್ರೀನಾ ಎಂಬ ಬಾಲಕಿ ತಪ್ಪಿಸಿಕೊಂಡು ಅವರ ಆಶ್ರಯಕ್ಕೆ ಬಂದಳು. ಆ ಬಳಿಕ ಇಂತಹ ಮಕ್ಕಳ ಪೋಷಣೆಯೇ ಅವರ ಬದುಕಿನ ಮುಖ್ಯ ಕಾರ್ಯವಾಯಿತು. 1913ರ ವೇಳೆಗೆ ಮಕ್ಕಳ ಸಂಖ್ಯೆ 130ನ್ನು ತಲುಪಿತ್ತು. 1918ರಿಂದ ಗಂಡುಮಕ್ಕಳಿಗೂ ಆಶ್ರಯ ದೊರೆಯಿತು. ಮಕ್ಕಳು ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದರು. ಅವರ ಬರಹಗಳು ಮಿಷನ್ ಕಾರ್ಯದ ಸೋಲುಗಳನ್ನು ಮುಚ್ಚಿಡುತ್ತಿರಲಿಲ್ಲ. ಇದರಿಂದ ಕೆಲವು ಸಹಮಿಷನರಿಗಳೇ ಅವರನ್ನು ವಿರೋಧಿಸಿದರು.

ಅಪಘಾತ ಮತ್ತು ಹಾಸಿಗೆಯ ವರ್ಷಗಳು
1931ರ ಅಕ್ಟೋಬರ್ 24ರ ಬೆಳಿಗ್ಗೆ, ತಾವು ಸೇವೆಗೆ ಇನ್ನಷ್ಟು ತಕ್ಕವರಾಗುವಂತೆ ದೇವರು ಏನನ್ನಾದರೂ ಮಾಡಲಿ ಎಂದು ಅವರು ಪ್ರಾರ್ಥಿಸಿದ್ದರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಅಂದೇ ಸಂಜೆ ಸಮೀಪದ ಕಳಕ್ಕಾಡಿನಲ್ಲಿ ಔಷಧಾಲಯಕ್ಕಾಗಿ ಗೊತ್ತುಮಾಡಿದ್ದ ಮನೆಯನ್ನು ನೋಡಲು ಹೋದಾಗ, ಮಬ್ಬುಗತ್ತಲಿನಲ್ಲಿ ಕಾಣದ ಗುಂಡಿಯೊಂದಕ್ಕೆ ಬಿದ್ದರು. ಕಾಲು ಮುರಿಯಿತು, ಬೆನ್ನಿಗೂ ಪೆಟ್ಟಾಯಿತು. ಕೆಲವು ವಾರಗಳಲ್ಲಿ ಗುಣವಾಗಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಸಂಸ್ಥೆಯವರು ಮಾಡಿದ ಪ್ರಾರ್ಥನೆಗಳಿಂದಲೂ ಅವರು ನಿರೀಕ್ಷಿಸಿದ ಗುಣ ದೊರೆಯಲಿಲ್ಲ.

ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿ ಸಂತ ಪೌಲನೂ ತನ್ನ ದೇಹದ ಬಾಧೆಯೊಂದನ್ನು ನೀಗಿಸುವಂತೆ ಮೂರು ಸಲ ಬೇಡಿಕೊಂಡನು. ಬಾಧೆ ನೀಗಲಿಲ್ಲ, ತಾಳಿಕೊಳ್ಳಲು ಬೇಕಾದ ಕೃಪೆಯ ಭರವಸೆ ದೊರೆಯಿತು. ಬಲಹೀನತೆಯಲ್ಲಿ ದೈವಬಲವನ್ನು ಕಾಣುವ ಕ್ರೈಸ್ತ ಚಿಂತನೆಗೆ ಈ ಪ್ರಸಂಗವೇ ಪ್ರಧಾನ ಆಧಾರ. ಏಮಿಯವರ ಕೊನೆಯ ಕಾಲದ ಬರವಣಿಗೆಯನ್ನು ಇದರ ಹಿನ್ನೆಲೆಯಲ್ಲಿ ಓದಬಹುದು.

ರೋಗಿಗಳನ್ನು ಸಂತೈಸುವ ಪುಸ್ತಕಗಳು ಸಾಮಾನ್ಯವಾಗಿ ಆರೋಗ್ಯವಂತರ ಕೈಯಿಂದ ಬರುತ್ತವೆ, ನೋವಿನಲ್ಲಿರುವವರಿಗೆ ಅವು ರುಚಿಸುವುದಿಲ್ಲ ಎಂಬುದು ಅವರ ಅನುಭವವಾಗಿತ್ತು. ಆದುದರಿಂದ ರೋಗಿಯೊಬ್ಬರು ರೋಗಿಗಳಿಗೆ ಬರೆಯುವ ರೀತಿಯಲ್ಲಿ ಪತ್ರಗಳನ್ನು ಬರೆದರು. ಅವು 1933ರಲ್ಲಿ ‘ರೋಸ್ ಫ್ರಮ್ ಬ್ರಾಯರ್’ ಎಂಬ ಕೃತಿಯಾದವು. ಮುಳ್ಳುಪೊದೆಯಿಂದ ಕಿತ್ತ ಗುಲಾಬಿ ಎಂಬುದು ಹೆಸರಿನ ಭಾವ. ನಿದ್ರೆಯಿಲ್ಲದ ರಾತ್ರಿ, ಪರರಿಗೆ ಹೊರೆಯಾದೆನೆಂಬ ಸಂಕೋಚ, ಪ್ರಾರ್ಥಿಸಲೂ ತ್ರಾಣವಿಲ್ಲದ ದಣಿವು ಅವರ ಬರವಣಿಗೆಯ ವಸ್ತುಗಳಾದವು. ಸಹನೆಯನ್ನು ಅವರು ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಗುಣವೆಂದು ಭಾವಿಸಲಿಲ್ಲ. ಅದನ್ನು ದಿನದಿನವೂ ಹೊಸದಾಗಿ ಬೇಡಿ ಪಡೆಯಬೇಕಾಗಿತ್ತು. ನೋವನ್ನು ವೈಭವೀಕರಿಸಿದವರೂ ಅಲ್ಲ: ಅವರು ಮಲಗಿದ್ದ ವರ್ಷಗಳಲ್ಲಿಯೇ ದೋಹ್ನಾವೂರಿನ ಆಸ್ಪತ್ರೆ ಬೆಳೆಯಿತು.

ಕೋಣೆಯಿಂದಲೇ ಅವರು ಸಂಸ್ಥೆಯ ವ್ಯವಹಾರಗಳಿಗೆ ಸಲಹೆ ನೀಡುತ್ತಿದ್ದರು, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿ ಮಾತನಾಡಿಸುತ್ತಿದ್ದರು. ‘ಗೋಲ್ಡ್ ಬೈ ಮೂನ್‌ಲೈಟ್’ (1935), ‘ಇಫ್’ (1938) ಮುಂತಾದವು ಈ ಅವಧಿಯ ಕೃತಿಗಳು. ಅವರ ಒಟ್ಟು ಪುಸ್ತಕಗಳು ಸುಮಾರು 35.

ನಿಧನ
1948ರಲ್ಲಿ ಕೋಣೆಯೊಳಗೇ ಮತ್ತೊಮ್ಮೆ ಬಿದ್ದ ಮೇಲೆ ಅವರು ಏಳಲಾಗಲಿಲ್ಲ. 1951ರ ಜನವರಿ 18ರಂದು ದೋಹ್ನಾವೂರಿನಲ್ಲಿ ನಿಧನರಾದರು. ಸಮಾಧಿಗೆ ಕಲ್ಲು ಇಡಬಾರದೆಂಬುದು ಅವರ ಕೋರಿಕೆಯಾಗಿತ್ತು. ಮಕ್ಕಳು ಅಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿಯೊಂದನ್ನು ಇರಿಸಿ, ಅದರ ಮೇಲೆ ಅಮ್ಮಾ ಎಂಬ ಪದವನ್ನಷ್ಟೇ ಕೆತ್ತಿಸಿದರು.